ಉಪ್ಪುನೀರಿನ ಚಿಕ್ಕ ಮತ್ಸ್ಯಾಲಯ: ಮೀನಿಗಿಂತ ಮೊದಲು ನೀರು ಹದವಾಗಬೇಕು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸ ಈಗ ಪಟ್ಟಣಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಹಳ್ಳಿಗಳ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಸಿಹಿನೀರಿನ ಮೀನುಗಳ ತೊಟ್ಟಿಗಳು ಕಾಣಸಿಗುತ್ತವೆ. ಇವುಗಳಲ್ಲಿ ಅನುಭವ ಪಡೆದ ಕೆಲವರು ಕಡಲಿನ ಮೀನುಗಳತ್ತ ಮನಸ್ಸು ಮಾಡುತ್ತಾರೆ. ಕಿತ್ತಳೆ ಮೈಮೇಲೆ ಬಿಳಿ ಪಟ್ಟಿಗಳಿರುವ ಕ್ಲೌನ್ ಮೀನನ್ನು ನೋಡಿದವರಿಗೆ ಅದನ್ನು ಮನೆಯಲ್ಲಿ ಸಾಕಬೇಕೆನಿಸುವುದು ಸಹಜವೇ. ಆದರೆ ಹೊಸಬರು ಕೊಂಡು ತಂದ ಸಮುದ್ರದ ಮೀನುಗಳು ಅನೇಕ ವೇಳೆ ಮೊದಲ ತಿಂಗಳಿನಲ್ಲಿಯೇ ಸಾಯುತ್ತವೆ. ಹಣವೂ ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ. ರೋಗ ಬಂದಿರಬೇಕೆಂದೋ, ಅಂಗಡಿಯವರು ಕೆಟ್ಟ ಮೀನು ಕೊಟ್ಟರೆಂದೋ ಸಾಕಿದವರು ಭಾವಿಸುತ್ತಾರೆ. ನಿಜವಾದ ಕಾರಣ ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ. ಹದವಾಗದ ನೀರಿಗೆ ಮೀನನ್ನು ಬಿಟ್ಟಿರುತ್ತಾರೆ.

ಹಸಿ ಸಗಣಿಯನ್ನು ಹಾಕಿ ಮರುದಿನವೇ ಸಸಿ ನೆಟ್ಟರೆ ಏನಾಗುತ್ತದೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಗೊಬ್ಬರ ಕಳಿಯಬೇಕು, ಮಣ್ಣು ಹದಕ್ಕೆ ಬರಬೇಕು, ಅನಂತರವೇ ನಾಟಿ. ಉಪ್ಪುನೀರಿನ ತೊಟ್ಟಿಗೂ ಇದೇ ನಿಯಮ ಅನ್ವಯಿಸುತ್ತದೆ. ಮಣ್ಣಿನಲ್ಲಿ ಸಾರಜನಕವನ್ನು ಪರಿವರ್ತಿಸುವಂಥ ಸೂಕ್ಷ್ಮಾಣು ಜೀವಿಗಳೇ ತೊಟ್ಟಿಯಲ್ಲಿಯೂ ಕೆಲಸ ಮಾಡುತ್ತವೆ. ಇವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಈ ಅವಧಿಯನ್ನು ತಾಳ್ಮೆಯಿಂದ ಕಳೆಯುವವರಿಗೆ ಉಳಿದ ಕೆಲಸ ಕಷ್ಟವಲ್ಲ.

ತೊಟ್ಟಿಯೊಳಗಿನ ಸಾರಜನಕದ ಚಕ್ರ

ಮೀನು ತಿಂದ ಆಹಾರದಲ್ಲಿನ ಸಸಾರಜನಕದ ಬಹುಭಾಗ ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲಿ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಹುಟ್ಟುತ್ತದೆ. ವಿಶಾಲವಾದ ಕಡಲಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ನೂರು ಲೀಟರ್ ನೀರಿನಲ್ಲಿ ಅದು ವಿಷವಾಗುತ್ತದೆ.

ಯೂರಿಯ ಹಾಕಿದ ಹೊಲದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಈ ಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದರು. ತೊಟ್ಟಿಯಲ್ಲಿಯೂ ನಡೆಯುವುದು ಇದೇ ಕ್ರಿಯೆ. ಇದನ್ನು ನಡೆಸುವ ಜೀವಿಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಮರಳಿನ ಕಣ, ಕಲ್ಲಿನ ರಂಧ್ರ ಮತ್ತು ಶೋಧಕದ ಸ್ಪಂಜಿಗೆ ಅಂಟಿಕೊಂಡು ಬದುಕುತ್ತವೆ. ಆದುದರಿಂದಲೇ ಹೊಸದಾಗಿ ತುಂಬಿದ ನೀರು ಎಷ್ಟೇ ತಿಳಿಯಾಗಿದ್ದರೂ ಅದು ಸಿದ್ಧವಾದ ನೀರಲ್ಲ.

ಕಡಲಿನ ನೀರಿನಲ್ಲಿ ಈ ಸಮಸ್ಯೆ ಹೆಚ್ಚು ತೀವ್ರವಾಗುತ್ತದೆ. ಸಮುದ್ರದ ನೀರಿನ ರಸಸಾರ 8.1ರಿಂದ 8.3ರಷ್ಟಿರುತ್ತದೆ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿ ಇರುತ್ತದೆ. ಅವುಗಳಲ್ಲಿ ಅನಿಲ ರೂಪದ್ದು ಹೆಚ್ಚು ವಿಷಕಾರಿ. ರಸಸಾರ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಈ ರೂಪದ ಪಾಲು ಶೇಕಡ 1ಕ್ಕಿಂತ ಕಡಿಮೆ. ರಸಸಾರ 8.2ಕ್ಕೆ ಏರಿದರೆ ಅದು ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಕ್ಷಾರಗುಣದ ಕಪ್ಪು ಭೂಮಿಯಲ್ಲಿ ಯೂರಿಯವನ್ನು ಮೇಲೆಯೇ ಚೆಲ್ಲಿದರೆ ಅಮೋನಿಯ ಗಾಳಿಗೆ ಹಾರಿಹೋಗುವುದೂ ಇದೇ ಕಾರಣದಿಂದ. ಹೊಲದಲ್ಲಿ ಅದು ಗೊಬ್ಬರದ ನಷ್ಟವಾದರೆ ತೊಟ್ಟಿಯಲ್ಲಿ ಮೀನಿನ ಪ್ರಾಣದ ನಷ್ಟ.

ತೊಟ್ಟಿ ಮತ್ತು ಸ್ಥಳ

ತೊಟ್ಟಿ ಚಿಕ್ಕದಾದಷ್ಟೂ ಸಾಕುವುದು ಸುಲಭ ಎಂಬ ಅಭಿಪ್ರಾಯ ತಪ್ಪು. ನೀರು ಕಡಿಮೆಯಾದಷ್ಟೂ ಉಷ್ಣತೆ, ಲವಣಾಂಶ ಮತ್ತು ಅಮೋನಿಯದ ಏರುಪೇರು ಬೇಗ ಆಗುತ್ತದೆ. 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ತೊಟ್ಟಿ ಹೊಸಬರಿಗೆ ಸೂಕ್ತ. ಮೇಲ್ಭಾಗದಲ್ಲಿ 5 ಸೆಂ.ಮೀ. ಬಿಟ್ಟು, ಮರಳು ಮತ್ತು ಕಲ್ಲಿನ ಸ್ಥಳ ಕಳೆದರೆ ಇದರಲ್ಲಿ 100 ಲೀಟರಿಗೆ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ 100 ಲೀಟರ್ ಎಂದು ಇಟ್ಟುಕೊಳ್ಳಬಹುದು. ಗಾಜು 8 ಮಿ.ಮೀ. ದಪ್ಪವಿದ್ದರೆ ಭದ್ರ.

ನೀರು, ಮರಳು, ಕಲ್ಲು, ಗಾಜು ಎಲ್ಲ ಸೇರಿ ತೂಕ 150 ಕಿಲೋ ಮೀರುತ್ತದೆ. ಆದುದರಿಂದ ಸಮತಟ್ಟಾದ, ಗಟ್ಟಿಯಾದ ಪೀಠ ಬೇಕು. ಗಾಜಿನ ಅಡಿಗೆ ಥರ್ಮೋಕೋಲ್ ಹಾಳೆ ಹಾಸಿದರೆ ಸಣ್ಣ ಏರುತಗ್ಗುಗಳಿಂದ ಗಾಜು ಸೀಳುವುದಿಲ್ಲ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿಯನ್ನು ಇಡಬಾರದು. ಬಿಸಿಲಿನಿಂದ ನೀರು ಕಾಯುತ್ತದೆ, ಪಾಚಿಯೂ ಹೆಚ್ಚುತ್ತದೆ.

ಬೇಕಾಗುವ ಇತರ ಸಾಮಗ್ರಿಗಳು ಇವು: ಸ್ಪಂಜು ಇರುವ ಶೋಧಕ ಒಂದು, ನೀರು ತಿರುಗಿಸುವ ಚಿಕ್ಕ ಪಂಪು ಒಂದು, ಗಾಳಿ ಪಂಪು, ಉಷ್ಣಮಾಪಕ, ಲವಣಾಂಶ ಅಳೆಯುವ ಹೈಡ್ರೋಮೀಟರ್, ಅಮೋನಿಯ, ನೈಟ್ರೈಟ್, ನೈಟ್ರೇಟ್ ಮತ್ತು ರಸಸಾರದ ಪರೀಕ್ಷಾ ಕಿಟ್, ಹಾಗೂ ಇದಕ್ಕೆಂದೇ ಮೀಸಲಾದ ಎರಡು ಪ್ಲಾಸ್ಟಿಕ್ ಬಕೆಟ್‌ಗಳು. ಪಂಪುಗಳು ಒಟ್ಟಾಗಿ ಗಂಟೆಗೆ ಸುಮಾರು 1000 ಲೀಟರ್ ನೀರನ್ನು ಸುತ್ತಿಸುವಂತಿರಬೇಕು. ಅಂದರೆ ತೊಟ್ಟಿಯ ನೀರು ಗಂಟೆಗೆ ಹತ್ತು ಬಾರಿ ತಿರುಗಿದಂತಾಗುತ್ತದೆ.

ಬಕೆಟ್‌ನ ವಿಷಯದಲ್ಲಿ ರೈತರ ಮನೆಯವರು ವಿಶೇಷ ಎಚ್ಚರಿಕೆ ವಹಿಸಬೇಕು. ಕೀಟನಾಶಕ ಬೆರೆಸಿದ ಪಾತ್ರೆಯನ್ನು ಎಷ್ಟು ತೊಳೆದರೂ ಬಳಸಕೂಡದು. ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸಿದ ಪಾತ್ರೆಯೂ ಬೇಡ. ಮೈಲುತುತ್ತದಲ್ಲಿರುವ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸೀಗಡಿ, ಬಸವನಹುಳು ಮುಂತಾದ ಕಡಲಿನ ಜೀವಿಗಳನ್ನು ಕೊಲ್ಲುತ್ತದೆ. ಹಿತ್ತಾಳೆ, ತಾಮ್ರ ಮತ್ತು ಸತು ಲೇಪಿಸಿದ ತಗಡಿನ ವಸ್ತುಗಳು ಉಪ್ಪುನೀರಿಗೆ ತಾಗಬಾರದು. ಗಾಳಿ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುವುದರಿಂದ ಅದರ ಬಳಿ ಸೊಳ್ಳೆ ಬತ್ತಿ ಹಚ್ಚುವುದಾಗಲಿ ಕೀಟನಾಶಕ ಸಿಂಪಡಿಸುವುದಾಗಲಿ ಕೂಡದು.

ಉಪ್ಪುನೀರಿನ ತಯಾರಿಕೆ

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಇರುತ್ತವೆ. ಇದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇಕಡ 85ರಷ್ಟು. ಉಳಿದುದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಬೈಕಾರ್ಬೊನೇಟ್. ಈ ಶೇಕಡ 15 ಭಾಗ ಇಲ್ಲದಿದ್ದರೆ ಮೀನು ಬದುಕಲಾರದು. ಆದುದರಿಂದ ಅಡಿಗೆ ಉಪ್ಪನ್ನು ನೀರಿಗೆ ಕರಗಿಸಿ ಸಮುದ್ರದ ನೀರು ಮಾಡಲು ಸಾಧ್ಯವಿಲ್ಲ. ಮತ್ಸ್ಯಾಲಯಕ್ಕೆಂದೇ ತಯಾರಿಸಿದ ಸಮುದ್ರ ಲವಣದ ಮಿಶ್ರಣ ಅಂಗಡಿಗಳಲ್ಲಿ ಸಿಗುತ್ತದೆ. 100 ಲೀಟರಿಗೆ ಮೂರೂವರೆಯಿಂದ ನಾಲ್ಕು ಕಿಲೋ ಬೇಕಾಗುತ್ತದೆ.

ಲವಣ ಬೆರೆಸಲು ಆರ್.ಓ. ಯಂತ್ರದಲ್ಲಿ ಶುದ್ಧೀಕರಿಸಿದ ನೀರು ಉತ್ತಮ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಗೊಬ್ಬರ ಹೆಚ್ಚು ಹಾಕುವ ಜಮೀನುಗಳ ನಡುವಿನ ಬಾವಿ ಮತ್ತು ಕೊಳವೆ ಬಾವಿಗಳ ನೀರಿನಲ್ಲಿ ನೈಟ್ರೇಟ್ ಮೊದಲೇ ಸೇರಿರುವ ಸಂಭವವುಂಟು. ಅಂಥ ನೀರನ್ನು ಪರೀಕ್ಷಿಸದೆ ಬಳಸಬಾರದು. ಬಕೆಟ್‌ಗೆ ಮೊದಲು ನೀರು ಹಾಕಿ, ಅದಕ್ಕೆ ಲವಣವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಒಂದು ದಿನ ಗಾಳಿ ಪಂಪು ನಡೆಸಬೇಕು. ಹೈಡ್ರೋಮೀಟರ್ 1.023ರಿಂದ 1.025ರ ಒಳಗೆ ತೋರಿಸಬೇಕು.

ಕರಾವಳಿಯವರು ಕಡಲಿನ ನೀರನ್ನೇ ಬಳಸಬಹುದು. ಆದರೆ ಕಾಲ ಮತ್ತು ಸ್ಥಳ ನೋಡಿ ಸಂಗ್ರಹಿಸಬೇಕು. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವುದರಿಂದ ಅಳಿವೆಗಳ ಬಳಿಯ ನೀರು ಸಪ್ಪೆಯಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರು ಮತ್ತು ಕೆಸರು ತೀರದುದ್ದಕ್ಕೂ ಹರಡುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಅಳಿವೆ ಮತ್ತು ಬಂದರುಗಳಿಂದ ದೂರದಲ್ಲಿ, ಭರತದ ವೇಳೆ ನೀರು ತುಂಬಿಕೊಳ್ಳುವುದು ಒಳ್ಳೆಯದು. ಅದನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಎರಡು ವಾರ ಕತ್ತಲೆಯಲ್ಲಿಟ್ಟು, ತಿಳಿಯನ್ನಷ್ಟೇ ಬಳಸಬೇಕು. ಲವಣಾಂಶವನ್ನು ಅಳೆಯದೆ ತೊಟ್ಟಿಗೆ ಹಾಕಬಾರದು.

ಮರಳು, ಕಲ್ಲು ಮತ್ತು ಕಾನೂನು

ತಳಕ್ಕೆ 3ರಿಂದ 4 ಸೆಂ.ಮೀ. ದಪ್ಪ ಮರಳು ಹಾಸಬೇಕು. ಮತ್ಸ್ಯಾಲಯದ ಸುಣ್ಣದಂಶದ ಮರಳು ಸಿಗದಿದ್ದರೆ ಕೋಳಿಗಳಿಗೆ ಹಾಕುವ ಕಪ್ಪೆಚಿಪ್ಪಿನ ಸಣ್ಣ ಚೂರನ್ನು ಹಲವು ಬಾರಿ ತೊಳೆದು, ಕುದಿಸಿ ಬಳಸಬಹುದು. ಹುಳಿ ಮಣ್ಣಿಗೆ ಸುಣ್ಣ ಹಾಕಿದಂತೆ ಇದು ನೀರಿನ ಆಮ್ಲತೆಯನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಆದರೆ ಚಿಪ್ಪು ನಿಧಾನವಾಗಿ ಕರಗುವುದರಿಂದ ರಸಸಾರ ಕಾಯ್ದುಕೊಳ್ಳಲು ಇದೊಂದನ್ನೇ ನಂಬುವಂತಿಲ್ಲ. ಕಾಲಕಾಲಕ್ಕೆ ನೀರು ಬದಲಿಸುವುದೇ ಮುಖ್ಯ.

ಮೀನುಗಳಿಗೆ ಆಸರೆಯಾಗಲು ಮತ್ತು ಬ್ಯಾಕ್ಟೀರಿಯಗಳಿಗೆ ನೆಲೆಯಾಗಲು ರಂಧ್ರಗಳಿರುವ ಸಿರಾಮಿಕ್ ಕಲ್ಲುಗಳನ್ನು ಇಡಬೇಕು. ಹವಳದ ಕಲ್ಲನ್ನು ಕಡಲಿನಿಂದ ತರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಸಮುದ್ರ ಕುದುರೆ ಮತ್ತು ಸಮುದ್ರ ಸೌತೆಗಳಿಗೆ ರಕ್ಷಣೆ ನೀಡಲಾಯಿತು. ಯಾರಾದರೂ ಮಾರಲು ಬಂದರೂ ಇವನ್ನು ಕೊಳ್ಳಬಾರದು. ನಮ್ಮ ರಾಜ್ಯದಲ್ಲಿಯೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಅವುಗಳನ್ನು ಆಶ್ರಯಿಸಿದ ಬಣ್ಣದ ಮೀನುಗಳೂ ಇವೆ. ಅವು ಅಲ್ಲಿಯೇ ಇರಬೇಕಾದವು.

ನೀರನ್ನು ಹದಗೊಳಿಸುವ ವಿಧಾನ

ತೊಟ್ಟಿ ತುಂಬಿ, ಪಂಪುಗಳನ್ನು ಎರಡು ದಿನ ನಡೆಸಿ, ಲವಣಾಂಶ ಸರಿಪಡಿಸಿದ ಮೇಲೆ ಬ್ಯಾಕ್ಟೀರಿಯಗಳಿಗೆ ಆಹಾರ ಒದಗಿಸಬೇಕು. ಬೆರಳ ತುದಿಯಷ್ಟು ಹಸಿ ಸೀಗಡಿಯ ತುಂಡನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಬಿಟ್ಟರೆ ಸಾಕು. ಅದು ಕೊಳೆತಂತೆ ಅಮೋನಿಯ ಬಿಡುಗಡೆಯಾಗುತ್ತದೆ. ಅಮೋನಿಯದ ಪ್ರಮಾಣ ಲೀಟರಿಗೆ 4 ಮಿಲಿಗ್ರಾಂ ದಾಟಿದರೆ ತುಂಡನ್ನು ಹೊರತೆಗೆಯಬೇಕು. ಗೊಬ್ಬರದ ಅಂಗಡಿಯ ಅಮೋನಿಯಂ ಲವಣಗಳಲ್ಲಿ ಇತರ ಅಂಶಗಳು ಬೆರೆತಿರುವುದರಿಂದ ಅವನ್ನು ಇದಕ್ಕೆ ಬಳಸುವುದು ಬೇಡ.

ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಬೇಗ ಆಗುವಂತೆ, ಚೆನ್ನಾಗಿ ನಡೆಯುತ್ತಿರುವ ಉಪ್ಪುನೀರಿನ ತೊಟ್ಟಿಯೊಂದರ ಸ್ಪಂಜಿನ ತುಂಡು ಅಥವಾ ಒಂದು ಹಿಡಿ ಮರಳು ಸಿಕ್ಕಿದರೆ ಈ ಅವಧಿ ಕಡಿಮೆಯಾಗುತ್ತದೆ. ಆದರೆ ರೋಗ ಕಂಡುಬಂದ ತೊಟ್ಟಿಯಿಂದ ಏನನ್ನೂ ತರಬಾರದು.

ಮೂರು ದಿನಗಳಿಗೊಮ್ಮೆ ನೀರನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಬೇಕು. ಮೊದಲು ಅಮೋನಿಯ ಏರುತ್ತದೆ. ಅದು ಇಳಿಯತೊಡಗಿದಂತೆ ನೈಟ್ರೈಟ್ ಏರುತ್ತದೆ. ಕೊನೆಗೆ ನೈಟ್ರೈಟ್ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ನೈಟ್ರೈಟಿನ ವಿಷ ಸಿಹಿನೀರಿನಷ್ಟು ತೀವ್ರವಲ್ಲವಾದರೂ, ಅದು ಇರುವವರೆಗೆ ಚಕ್ರ ಪೂರ್ಣವಾಗಿಲ್ಲವೆಂದೇ ಅರ್ಥ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಒಂದು ವಾರ ಹಾಗೆಯೇ ಉಳಿದರೆ ನೀರು ಹದವಾಯಿತೆಂದು ತಿಳಿಯಬೇಕು. ಈ ಮಧ್ಯೆ ಗಾಜು ಮತ್ತು ಮರಳಿನ ಮೇಲೆ ಕಂದು ಬಣ್ಣದ ಪಾಚಿ ಕಟ್ಟುವುದು ಸ್ವಾಭಾವಿಕ. ಅದಕ್ಕೆ ಹೆದರಿ ತೊಟ್ಟಿಯನ್ನು ಖಾಲಿ ಮಾಡಿ ತೊಳೆದರೆ ಮಾಡಿದ ಕೆಲಸವೆಲ್ಲ ಮೊದಲಿನಿಂದ ಆರಂಭವಾಗುತ್ತದೆ.

ಯಾವ ಮೀನು, ಎಷ್ಟು ಮೀನು

100 ಲೀಟರ್ ತೊಟ್ಟಿಗೆ ಆರಂಭದಲ್ಲಿ ಒಂದು ಜೊತೆ ಕ್ಲೌನ್ ಮೀನು ಸಾಕು. ಒಂದು ತಿಂಗಳು ಕಳೆದ ಮೇಲೆ ಚಿಕ್ಕ ಗೋಬಿ ಮೀನೊಂದನ್ನು ಸೇರಿಸಬಹುದು. ಒಟ್ಟು ಮೂರು, ಹೆಚ್ಚೆಂದರೆ ನಾಲ್ಕು ಚಿಕ್ಕ ಮೀನುಗಳು ಇದರ ಮಿತಿ. ಒಂದು ಎಕರೆಯ ಹುಲ್ಲಿನಲ್ಲಿ ಇಷ್ಟೇ ದನ ಮೇಯಲು ಸಾಧ್ಯ ಎಂಬ ಮಿತಿ ಇರುವಂತೆ ತೊಟ್ಟಿಗೂ ತನ್ನದೇ ಆದ ಮಿತಿ ಇದೆ.

ಕ್ಲೌನ್ ಮೀನನ್ನು ಆರಿಸಲು ಮುಖ್ಯ ಕಾರಣ, ಅದರ ಮರಿಗಳನ್ನು ಈಗ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಬೆಳೆಸಲಾಗುತ್ತಿದೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಇದರ ಸಂತಾನಾಭಿವೃದ್ಧಿಯ ತಂತ್ರವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಕಾಳಿನ ಆಹಾರಕ್ಕೆ ಒಗ್ಗಿರುತ್ತದೆ, ತೊಟ್ಟಿಯ ಬದುಕಿಗೂ ಹೊಂದಿಕೊಂಡಿರುತ್ತದೆ. ಕಡಲಿನಲ್ಲಿ ಹಿಡಿದ ಮೀನು ಅನೇಕ ಕೈಗಳನ್ನು ದಾಟಿ ಬಳಲಿ ಬಂದಿರುತ್ತದೆ. ಕೊಳ್ಳುವಾಗ ಮರಿ ಉತ್ಪಾದನಾ ಕೇಂದ್ರದ ಮೀನೇ ಎಂದು ವಿಚಾರಿಸಿ, ಅದು ಆಹಾರ ತಿನ್ನುವುದನ್ನು ಅಂಗಡಿಯಲ್ಲಿಯೇ ನೋಡಿ ಕೊಳ್ಳಬೇಕು. ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲುದು.

ಈ ಮೀನುಗಳೆಲ್ಲವೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೊತೆಯಲ್ಲಿ ದೊಡ್ಡದಾಗಿ, ಬಲವಾಗಿ ಬೆಳೆದದ್ದು ಹೆಣ್ಣಾಗಿ ಮಾರ್ಪಡುತ್ತದೆ. ಆದುದರಿಂದ ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಕಾಲಕ್ರಮದಲ್ಲಿ ಅವು ಜೋಡಿಯಾಗುತ್ತವೆ. ಕಡಲಿನಲ್ಲಿ ಇವು ಸಮುದ್ರ ಹೂವಿನ ಆಸರೆಯಲ್ಲಿರುತ್ತವೆಯಾದರೂ ತೊಟ್ಟಿಯಲ್ಲಿ ಅದರ ಅಗತ್ಯವಿಲ್ಲ. ಸಮುದ್ರ ಹೂವು, ಚಿಟ್ಟೆ ಮೀನು, ಸರ್ಜನ್ ಮೀನು ಮತ್ತು ಸಿಂಹ ಮೀನುಗಳು ಹೊಸಬರ ಚಿಕ್ಕ ತೊಟ್ಟಿಗೆ ಹೇಳಿಸಿದವಲ್ಲ.

ಹೊಸ ಮೀನನ್ನು ಚೀಲದೊಡನೆ 15ರಿಂದ 20 ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಡಬೇಕು. ಅನಂತರ ಮುಕ್ಕಾಲು ಗಂಟೆಯ ಅವಧಿಯಲ್ಲಿ ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ತೊಟ್ಟಿಯಲ್ಲಿ ಮೊದಲೇ ಮೀನುಗಳಿದ್ದರೆ ಹೊಸ ಮೀನನ್ನು ನಾಲ್ಕು ವಾರ ಬೇರೆ ಪಾತ್ರೆಯಲ್ಲಿಟ್ಟು, ಬಿಳಿ ಚುಕ್ಕೆ ಮುಂತಾದ ರೋಗಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಸೇರಿಸಬೇಕು.

ದಿನನಿತ್ಯದ ಪಾಲನೆ

ಆವಿಯಾದ ನೀರು: ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ನೀರಿನ ಮಟ್ಟ 3 ಮಿ.ಮೀ. ಇಳಿದರೆ ಸುಮಾರು ಒಂದು ಲೀಟರ್ ಆವಿಯಾಗಿದೆಯೆಂದು ಅರ್ಥ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಕೊರತೆಯನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ದಿನಕ್ಕೊಂದು ಲೀಟರ್ ಉಪ್ಪುನೀರು ಸೇರಿಸುತ್ತ ಹೋದರೆ ತಿಂಗಳಿಗೆ ಒಂದು ಕಿಲೋಗೂ ಹೆಚ್ಚು ಉಪ್ಪು ಕೂಡಿಕೊಳ್ಳುತ್ತದೆ. ಬಸಿಗಾಲುವೆಯಿಲ್ಲದ ನೀರಾವರಿ ಜಮೀನು ಚೌಳಾಗುವುದು ಹೀಗೆಯೇ.

ಸಮುದ್ರದ ಮೀನಿನ ದೇಹದ್ರವದ ಲವಣಾಂಶ ಸಮುದ್ರದ ನೀರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಹೀಗಾಗಿ ಅದರ ದೇಹದಿಂದ ನೀರು ಸದಾ ಹೊರಕ್ಕೆ ಸೆಳೆಯಲ್ಪಡುತ್ತದೆ. ಈ ನಷ್ಟ ತುಂಬಲು ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಲವಣಾಂಶ ಏರಿಳಿದರೆ ಈ ಕೆಲಸದಲ್ಲಿಯೇ ಮೀನಿನ ಶಕ್ತಿಯೆಲ್ಲ ವ್ಯಯವಾಗುತ್ತದೆ.

ಆಹಾರ: ದಿನಕ್ಕೆ ಎರಡು ಬಾರಿ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಉಳಿದ ಆಹಾರ ಮೀನಿಗೆ ಉಪಕಾರವಲ್ಲ, ಅದು ಅಮೋನಿಯವಾಗುತ್ತದೆ.

ಉಷ್ಣತೆ: 24ರಿಂದ 28 ಡಿಗ್ರಿ ಸೆಲ್ಸಿಯಸ್ ಸೂಕ್ತ. ಬೆಂಗಳೂರು, ಮಲೆನಾಡುಗಳ ಚಳಿಗಾಲದ ರಾತ್ರಿಗಳಲ್ಲಿ 100 ವ್ಯಾಟ್‌ನ ಹೀಟರ್ ಬೇಕಾಗಬಹುದು. ಬಯಲುಸೀಮೆಯ ಮತ್ತು ಕರಾವಳಿಯ ಬೇಸಿಗೆಯಲ್ಲಿ ನೀರಿನ ಮೇಲೆ ಚಿಕ್ಕ ಫ್ಯಾನ್ ಬೀಸುವಂತೆ ಮಾಡಿದರೆ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆಗ ನೀರು ಹೆಚ್ಚು ಆವಿಯಾಗುವುದನ್ನು ಮರೆಯಬಾರದು. ದೀಪ ದಿನಕ್ಕೆ ಎಂಟು ಗಂಟೆ ಸಾಕು.

ನೀರು ಬದಲಾವಣೆ: ವಾರಕ್ಕೊಮ್ಮೆ 10 ಲೀಟರ್ ತೆಗೆದು, ಹಿಂದಿನ ದಿನವೇ ತಯಾರಿಸಿಟ್ಟ ಅಷ್ಟೇ ಉಪ್ಪುನೀರನ್ನು ಸೇರಿಸಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಶೋಧಕದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್‌ನಿಂದ ಬ್ಯಾಕ್ಟೀರಿಯಗಳು ಸಾಯುತ್ತವೆ. ಸೋಪು ಬಳಸಲೇಬಾರದು. ತೆಗೆದ ನೀರನ್ನು ತೋಟಕ್ಕೆ ಹಾಕುವ ಅಭ್ಯಾಸ ಬೇಡ. ವಾರಕ್ಕೆ 10 ಲೀಟರ್ ಎಂದರೆ ವರ್ಷಕ್ಕೆ 18 ಕಿಲೋ ಉಪ್ಪು. ತರಕಾರಿ ಮಡಿ ಮತ್ತು ಅಡಿಕೆಯ ಬುಡಕ್ಕೆ ಅದು ಹಾನಿಕರ.

ವಿದ್ಯುತ್ ನಿಲುಗಡೆ: ಪಂಪು ನಿಂತರೆ ಮೀನಿಗೂ ಬ್ಯಾಕ್ಟೀರಿಯಗಳಿಗೂ ಆಮ್ಲಜನಕದ ಕೊರತೆಯಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಮೊದಲೇ ಕೊಂಡಿಡುವುದು ಅಗತ್ಯ. ಅದಿಲ್ಲದಿದ್ದರೆ ಆಗಾಗ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಸುರಿಯುತ್ತಿರಬೇಕು. ಕರೆಂಟು ಬರುವವರೆಗೆ ಆಹಾರ ಹಾಕಬಾರದು. ಆರೋಗ್ಯವಾದ ಮೀನು ಎರಡು ದಿನ ಉಪವಾಸವಿದ್ದರೂ ತೊಂದರೆಯಿಲ್ಲ.

ಕೆಲಸಗಳ ವೇಳಾಪಟ್ಟಿ

ಮೊದಲ ವಾರ: ತೊಟ್ಟಿ ಜೋಡಿಸಿ, ಸೋರುವಿಕೆ ಪರೀಕ್ಷಿಸಿ, ಮರಳು ಮತ್ತು ಕಲ್ಲು ಇಟ್ಟು, ಉಪ್ಪುನೀರು ತುಂಬುವುದು, ಸೀಗಡಿಯ ತುಂಡು ಇಡುವುದು.
ಎರಡರಿಂದ ಐದನೆಯ ವಾರ: ಮೂರು ದಿನಗಳಿಗೊಮ್ಮೆ ನೀರಿನ ಪರೀಕ್ಷೆ, ಆವಿಯಾದಷ್ಟು ಶುದ್ಧ ನೀರು ಸೇರಿಸುವುದು.
ಆರನೆಯ ವಾರ: ಅಮೋನಿಯ, ನೈಟ್ರೈಟ್ ಸೊನ್ನೆಯಾಗಿ ಉಳಿದಿದ್ದರೆ 20 ಲೀಟರ್ ನೀರು ಬದಲಿಸಿ ಎರಡು ಕ್ಲೌನ್ ಮರಿಗಳನ್ನು ಬಿಡುವುದು. ಉಳಿದಿರದಿದ್ದರೆ ಇನ್ನೂ ಕಾಯುವುದು.
ಅನಂತರದ ಎರಡು ವಾರ: ಎರಡು ದಿನಗಳಿಗೊಮ್ಮೆ ಅಮೋನಿಯ ಪರೀಕ್ಷೆ. ಕಂಡುಬಂದರೆ ಆಹಾರ ತಗ್ಗಿಸಿ 20 ಲೀಟರ್ ನೀರು ಬದಲಿಸುವುದು.

ಅಲಂಕಾರಿಕ ಮೀನಿನ ಮರಿ ಉತ್ಪಾದನೆಯನ್ನು ಉಪಕಸುಬಾಗಿ ಕೈಗೊಳ್ಳಲು ಇಚ್ಛಿಸುವ ಕರಾವಳಿಯ ಯುವಕ ಯುವತಿಯರು ಇಂಥದೊಂದು ಚಿಕ್ಕ ತೊಟ್ಟಿಯನ್ನು ಒಂದು ವರ್ಷ ಕ್ರಮವಾಗಿ ನಡೆಸಿ ನೋಡುವುದು ಒಳ್ಳೆಯದು. ನೂರು ಲೀಟರ್ ನೀರನ್ನು ಹದದಲ್ಲಿ ಇಡಲು ಕಲಿಯದವರು ಹತ್ತು ತೊಟ್ಟಿಗಳಿಗೆ ಬಂಡವಾಳ ಹೂಡಿದರೆ ನಷ್ಟ ಹತ್ತು ಪಟ್ಟಾಗುತ್ತದೆ. ಹೆಚ್ಚಿನ ತಾಂತ್ರಿಕ ಮಾಹಿತಿಗಾಗಿ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವನ್ನು ಅಥವಾ ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ಮೀನು ಕೊಳ್ಳುವ ಹಣವನ್ನು ಆರು ವಾರ ಪೆಟ್ಟಿಗೆಯಲ್ಲಿಟ್ಟು, ಮೊದಲು ಪರೀಕ್ಷಾ ಕಿಟ್ ಕೊಳ್ಳುವುದೇ ಈ ಕೆಲಸದ ಸರಿಯಾದ ಆರಂಭ.